ಸಗಣಿ ಸಾರಿಸಿದ ಟೆನಿಸ್ ಕೋರ್ಟು

ನಿಂಗರಾಜ್ ತೀರಿಕೊಂಡದ್ದು ಗುರುವಾರ. ಪ್ರಾರ್ಥನೆ ಮುಗಿಸಿ, ಮಕ್ಕಳನ್ನು ಸಾಲಾಗಿ ತರಗತಿಗೆ ಕಳಿಸಿ, ಸ್ಟಾಫ್ ರೂಮಿನಲ್ಲಿ ಕೂತವನು ಮತ್ತೆ ಏಳಲಿಲ್ಲ. ನಲವತ್ತೇಳು ವರ್ಷ. ಹೊನ್ನಾಳಿ ಬಸ್ ನಿಲ್ದಾಣದ ಎದುರು ನೋಟ್‌ಬುಕ್ಕು, ಪೆನ್ನು, ಹಳೆಯ ಪುಸ್ತಕ ಮಾರುವ ಅವನ ಗೆಳೆಯ ವಿನಯ್ ಕುಮಾರನಿಗೆ ಸುದ್ದಿ ಮುಟ್ಟಿದಾಗ ಅವನು ಯಾರಿಗೋ ಜ್ಯಾಮಿಟ್ರಿ ಬಾಕ್ಸ್ ತೋರಿಸುತ್ತಿದ್ದ. ಫೋನ್ ಕೆಳಗಿಟ್ಟು, ಇನ್ನೊಂದು ಬಾಕ್ಸ್ ತೆಗೆದು ತೋರಿಸಿ, ಅದನ್ನು ಕಾಗದದಲ್ಲಿ ಸುತ್ತಿ ಕೊಟ್ಟು, ಆಮೇಲೆ ಶಟರ್ ಎಳೆದ.

ಮಣ್ಣು ಮಾಡಿದ್ದು ಜಗಳೂರಿನ ಕಡೆ, ಅವನ ಹುಟ್ಟೂರು ಸೊಕ್ಕೆಯಲ್ಲಿ. ಎಲ್ಲರೂ ಹಿಡಿ ಮಣ್ಣು ಹಾಕಿದರು, ವಿನಯ್ ಕುಮಾರನೂ ಹಾಕಿದ. ಅಳು ಬರಲಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ ಪಕ್ಕದವರು ಕೊಟ್ಟ ಕಡಲೆಕಾಯಿಯನ್ನೂ ತಿಂದ. ತಲೆಯೊಳಗೆ ಒಂದೇ ಸಂಗತಿ ನಿಂತಿತ್ತು: ಒಂಬತ್ತು ವರ್ಷದ ಹಿಂದೆ ತಾನು ಅವನಿಗೆ ಹೇಳಿದ ಮಾತು ನಿಜವೋ, ಸುಳ್ಳೋ. ಅದನ್ನು ಹೇಳಬಲ್ಲವಳು ಒಬ್ಬಳೇ ಇದ್ದಳು, ನ್ಯಾಮತಿಯ ಆಶಾ. ಇಷ್ಟು ವರ್ಷ ಅವನು ಅವಳನ್ನು ಕೇಳಿರಲಿಲ್ಲ.

ನಿಂಗರಾಜ್ ಟೆನಿಸ್ ರ್ಯಾಕೆಟ್ ಹಿಡಿದದ್ದೇ ಇಪ್ಪತ್ತೆರಡನೇ ವಯಸ್ಸಿನಲ್ಲಿ, ದೈಹಿಕ ಶಿಕ್ಷಣದ ಕಾಲೇಜು ಸೇರಿದ ಮೇಲೆ. ಆಟಗಾರನಾಗುವ ಕಾಲ ಮುಗಿದಿತ್ತು, ಹುಚ್ಚು ಮಾತ್ರ ಹಿಡಿಯಿತು. ಹೊನ್ನಾಳಿಯ ಹೈಸ್ಕೂಲಿಗೆ ಪಿ.ಟಿ. ಮೇಷ್ಟ್ರಾಗಿ ಬಂದವನು ಶಾಲೆಯ ಹಿಂದಿನ ಮುಳ್ಳಿನ ಜಾಗ ನೋಡಿ, ಇಲ್ಲಿ ಕೋರ್ಟ್ ಮಾಡುತ್ತೇನೆ ಎಂದ. ಸಿಮೆಂಟಿನ ಕೋರ್ಟ್ ಮಾಡುವುದು ಅವನಿಗೆ ಗೊತ್ತಿರಲಿಲ್ಲ. ಕಣ ಮಾಡುವುದು ಗೊತ್ತಿತ್ತು. ಸೊಕ್ಕೆಯಲ್ಲಿ ಸುಗ್ಗಿಗೆ ಮುಂಚೆ ಅಪ್ಪನ ಜೊತೆ ಪ್ರತಿ ವರ್ಷ ಮಾಡಿದ್ದ. ನೆಲ ಕೆತ್ತಿ, ಹುತ್ತದ ಮಣ್ಣು ಹರಡಿ, ನೀರು ಬಿಟ್ಟು ತುಳಿದು, ಕಲ್ಲಿನ ಗುಂಡು ಉರುಳಿಸಿ, ಮೇಲೆ ಸಗಣಿ ಸಾರಿಸಿದ. ಸುಣ್ಣದಲ್ಲಿ ಗೆರೆ ಎಳೆದ.

"ಜೋಳ ಬಡಿಯೋ ಕಣದಾಗೆ ಚೆಂಡು ಬಡಿತಾರಂತೆ ನಮ್ಮ ಮೇಷ್ಟ್ರು," ಎಂದು ಶಾಲೆಯ ಆಯಾ ಕರಿಯಕ್ಕ ಊರೆಲ್ಲ ಹೇಳಿಕೊಂಡು ನಕ್ಕಳು. ನಕ್ಕವಳೇ ಪ್ರತಿ ಸೋಮವಾರ ಸಗಣಿ ಕದಡಿ ಪೊರಕೆಯಲ್ಲಿ ಬಳಿದು ಕೊಡುತ್ತಿದ್ದಳು.

ಕಣಕ್ಕೆ ಯಾರೂ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ. ಹಾಗಾಗಿ ನಿಂಗರಾಜನ ಕೋರ್ಟಿಗೂ ಬರಿಗಾಲು. ಒಂದು ಸಲ ದಾವಣಗೆರೆಯಿಂದ ಪಂದ್ಯಕ್ಕೆ ಬಂದ ಹುಡುಗರು ಮೂಗು ಮುಚ್ಚಿಕೊಂಡು, "ಸರ್, ಶೂ ಬಿಚ್ಚಿ ಬರಬೇಕಾ?" ಎಂದು ಗೇಲಿ ಮಾಡಿದರು.

"ಬಿಚ್ಚಬೇಕಪ್ಪಾ," ಎಂದ ನಿಂಗರಾಜ್. "ಸೋತು ಹೋಗುವಾಗ ಹಾಕ್ಕೊಂಡು ಹೋಗುವಿರಂತೆ."

ಸೋತೇ ಹೋದರು. ಆ ನೆಲದ ಮೇಲೆ ಚೆಂಡು ಮೊಣಕಾಲಿಗಿಂತ ಮೇಲೇಳುತ್ತಿರಲಿಲ್ಲ. ಏಳುವಷ್ಟರಲ್ಲೇ ಬಗ್ಗಿ ಎತ್ತಿ ಹೊಡೆಯಬೇಕು. ಅದನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಆಶಾ. ದಿನಾ ನ್ಯಾಮತಿಯಿಂದ ಮೊದಲ ಬಸ್ಸಿಗೆ ಬಂದು, ಶಾಲೆ ಶುರುವಾಗುವ ತನಕ ಆಡುತ್ತಿದ್ದಳು. ಹದಿನಾಲ್ಕಕ್ಕೆ ಜಿಲ್ಲೆ ಗೆದ್ದಳು. ಹದಿನಾರಕ್ಕೆ ರಾಜ್ಯಮಟ್ಟದ ಫೈನಲ್ ಆಡಿದಳು, ಅದೂ ಮಣ್ಣಿನ ಕೋರ್ಟಿನಲ್ಲಿ, ಬರಿಗಾಲಲ್ಲೇ. ಹದಿನೇಳಕ್ಕೆ ಬೆಂಗಳೂರಿನ ತರಬೇತಿ ಶಿಬಿರದಿಂದ ಕರೆ ಬಂತು. ನಿಂಗರಾಜ್ ಅವಳಿಗೆ ಮೊದಲ ಜೊತೆ ಶೂ ಕೊಡಿಸಿದ. ಹನ್ನೊಂದನೇ ದಿನ ಅವಳು ಶಿಬಿರದಿಂದ ಹೊನ್ನಾಳಿಗೆ ಬಂದು, ಸ್ಟಾಫ್ ರೂಮಿನ ಮೇಜಿನ ಮೇಲೆ ರ್ಯಾಕೆಟ್ ಇಟ್ಟು, ನಿಂಗರಾಜನ ಹತ್ತಿರ ಎರಡು ನಿಮಿಷ ಮಾತಾಡಿ, ನ್ಯಾಮತಿ ಬಸ್ ಹತ್ತಿದಳು.

ಆ ಸಂಜೆ ಅಂಗಡಿಗೆ ಬಂದ ನಿಂಗರಾಜ್ ಹೇಳಿದ್ದು ಒಂದೇ ಮಾತು. "ಬಿಟ್ಲು ಕಣೋ."

ಆಮೇಲೆ ಎರಡು ತಿಂಗಳು ಅದೇ ಕೇಳಿದ. ಯಾಕೆ ಬಿಟ್ಟಳು? ವಿನಯ್ ಕುಮಾರ ಓದಿದ್ದನ್ನೆಲ್ಲ ತೆಗೆದು ಸಮಾಧಾನ ಹೇಳಿದ. ಸ್ವೀಡನ್ನಿನ ಬೋರ್ಗ್ ಹನ್ನೊಂದು ಗ್ರ್ಯಾಂಡ್ ಸ್ಲಾಮ್ ಗೆದ್ದು ಇಪ್ಪತ್ತಾರಕ್ಕೇ ನಿವೃತ್ತನಾದ. ಬೆಲ್ಜಿಯಂನ ಹೆನಿನ್ ಇಪ್ಪತ್ತೈದಕ್ಕೆ, ಅದೂ ಜಗತ್ತಿನ ಮೊದಲ ಸ್ಥಾನದಲ್ಲಿದ್ದಾಗ.

"ಬೋರ್ಗ್ ಇನ್ನೊಂದ್ ನಾಕು ವರ್ಷ ಆಡಿದ್ರೆ ಹದಿನೈದಾದ್ರೂ ಆಗ್ತಿತ್ತು ನೋಡು," ಎಂದ ವಿನಯ್ ಕುಮಾರ.

"ನೀನೊಬ್ಬ, ಆಡದ ಮ್ಯಾಚನ್ನೆಲ್ಲ ಗೆಲ್ಲಿಸ್ಕೊಂಡು ಕುಂತೀಯ. ಎಷ್ಟು ಗೆಲ್ತಿದ್ದ ಅಂತ ಬ್ಯಾಡ. ಯಾಕೆ ಬಿಟ್ಟ, ಅದನ್ನ ಹೇಳು."

ಒಂದು ಸಂಜೆ ಅವನು ಅಂಗಡಿಯ ಮುಂದೆ ಬೈಕ್ ನಿಲ್ಲಿಸಿ, ಇಳಿಯದೆಯೇ ಹೇಳಿದ: "ಗೊತ್ತಾಯ್ತು. ಅವರಪ್ಪ ಮಲ್ಲೇಶಪ್ಪ ಗಂಡು ನೋಡ್ಯಾನೆ. ಅದಕ್ಕೇ ಬಿಡಿಸ್ಯಾನೆ. ನ್ಯಾಮತಿಗೆ ಹೊಂಟೀನಿ. ಇವತ್ತು ಅವನೋ ನಾನೋ."

"ಯಾರು ಹೇಳಿದ್ರು ನಿಂಗೆ?"

"ಯಾರ್ ಹೇಳಬೇಕು? ಹೆಣ್ಣುಮಕ್ಕಳು ಆಟ ಬಿಟ್ರೆ ಇನ್ನೇನ್ ಇರ್ತೈತೆ?"

ಪಿ.ಟಿ. ಮೇಷ್ಟ್ರು ಹುಡುಗಿಯ ಮನೆ ಬಾಗಿಲಲ್ಲಿ ನಿಂತು ಕೂಗಾಡಿದರೆ ಜನ ಏನನ್ನುತ್ತಾರೆ ಎಂಬುದು ವಿನಯ್ ಕುಮಾರನ ಕಣ್ಣಿಗೆ ಕಟ್ಟಿತು. ಕೈ ಹಿಡಿದ. ನಿಂಗರಾಜ್ ಕೊಸರಿಕೊಂಡ. ಆಗ ಅವನನ್ನು ನಿಲ್ಲಿಸಲು ಬಾಯಿಗೆ ಬಂದದ್ದನ್ನು ಹೇಳಿದ:

"ಅವರಪ್ಪಂದಲ್ಲ ತಪ್ಪು. ನಿನ್ನ ಸಗಣಿ ನೆಲದ್ದು."

ನಿಂಗರಾಜ್ ಬೈಕ್ ಆಫ್ ಮಾಡಿದ. ವಿನಯ್ ಕುಮಾರ ಬಿಡಲಿಲ್ಲ. ಯಾವುದೋ ಕ್ರೀಡಾ ಪತ್ರಿಕೆಯಲ್ಲಿ ಓದಿದ್ದನ್ನು, ತಾನೇ ಕೋಚ್ ಎಂಬಂತೆ ವಿವರಿಸಿದ. ತಗ್ಗು ಚೆಂಡಿಗೆ ಬೆಳೆದ ಕೈ ಅದು. ಅಲ್ಲಿ ಸಿಮೆಂಟಿನ ಮೇಲೆ ಚೆಂಡು ಹೆಗಲ ಮಟ್ಟ ಬರುತ್ತದೆ. ಬರಿಗಾಲಿನ ಓಟ ಶೂನಲ್ಲಿ ಬರುವುದಿಲ್ಲ. ಐದು ವರ್ಷ ನೀನು ಕಲಿಸಿದ್ದು ಅಲ್ಲಿ ಕೆಲಸಕ್ಕೆ ಬಂದಿರಲಿಕ್ಕಿಲ್ಲ. ನಿನಗೆ ಹೇಗೆ ಹೇಳುವುದು ಎಂದು ಸುಮ್ಮನಿದ್ದಾಳೆ.

ನಿಂಗರಾಜ್ ಪೂರ್ತಿ ಕೇಳಿದ. "ಹೌದಲ್ಲ," ಎಂದ. ನ್ಯಾಮತಿಗೆ ಹೋಗಲಿಲ್ಲ.

ಮುಂದಿನ ಸೋಮವಾರ ಸಗಣಿ ಪುಟ್ಟಿ ಹೊತ್ತು ಬಂದ ಕರಿಯಕ್ಕನಿಗೆ, "ಬ್ಯಾಡ ಬಿಡಕ್ಕ," ಎಂದ. ಅದೇ ಕೊನೆ. ಸಾರಿಸದ ನೆಲ ಬೇಸಿಗೆಗೆ ಬಿರಿಯಿತು, ಮಳೆಗಾಲಕ್ಕೆ ಕಿತ್ತು ಹೋಯಿತು. ಕೋಚಿಂಗ್ ಬಿಟ್ಟಾಗ ಅವನಿಗೆ ಮೂವತ್ತೆಂಟು. ಕವಾಯತು ಮಾಡಿಸಿದ, ಸ್ವಾತಂತ್ರ್ಯ ದಿನಕ್ಕೆ ಬ್ಯಾಂಡ್ ಕಲಿಸಿದ, ಶನಿವಾರ ಸಾಮೂಹಿಕ ವ್ಯಾಯಾಮ. ಯಾರ ಕೈಗೂ ರ್ಯಾಕೆಟ್ ಕೊಡಲಿಲ್ಲ. ಸಂಜೆ ಅಂಗಡಿಗೆ ಮಾತ್ರ ತಪ್ಪದೆ ಬರುತ್ತಿದ್ದ. ಆಸ್ಟ್ರೇಲಿಯಾದ ಬಾರ್ಟಿ ತನ್ನ ದೇಶದ ಓಪನ್ ಗೆದ್ದು, ಎರಡೇ ತಿಂಗಳಿಗೆ, ಇಪ್ಪತ್ತೈದನೇ ವಯಸ್ಸಿನಲ್ಲಿ ಆಟ ಬಿಟ್ಟ ದಿನ ಪೇಪರ್ ಹಿಡಿದುಕೊಂಡೇ ಬಂದ.

"ಇವಳು ಯಾಕೆ ಬಿಟ್ಲು?"

"ಅವಳೇ ಹೇಳ್ಯಾಳಲ್ಲ. ಇನ್ನು ನನ್ ಕೈಲಿ ಆಗಲ್ಲ, ಸಾಕು ಅಂತ."

"ಅದು ಪೇಪರ್‌ನೋರಿಗೆ ಹೇಳೋ ಮಾತು. ಒಳಗೆ ಬೇರೆ ಇರ್ತೈತೆ," ಎಂದು ಪೇಪರ್ ಮಡಚಿದ.

ಆ ದಿನ ವಿನಯ್ ಕುಮಾರನಿಗೆ ಹೇಳಬೇಕು ಅನ್ನಿಸಿತ್ತು: ನಿನ್ನ ನೆಲದ ವಿಷಯ ನಾನು ನೋಡಿ ಹೇಳಿದ್ದಲ್ಲ, ಅವಳನ್ನು ಕೇಳಿ ಹೇಳಿದ್ದೂ ಅಲ್ಲ. ಆದರೆ ನಿಜವೇ ಇದ್ದರೂ ಇರಬಹುದಲ್ಲ ಎಂದು ಸುಮ್ಮನಾದ. ಹಾಗೆ ಸುಮ್ಮನಿರುವುದು ರೂಢಿಯಾಯಿತು.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಶಾಲೆಯಲ್ಲಿ ಸಂತಾಪ ಸಭೆ ಇಟ್ಟರು. ಮುಖ್ಯೋಪಾಧ್ಯಾಯಿನಿ ಸಾವಂತ್ರಮ್ಮ ಮಾತಾಡುತ್ತ, "ನಿಂಗರಾಜ್ ಸರ್ ಕೋಚಿಂಗ್ ನಿಲ್ಲಿಸದೇ ಇದ್ದಿದ್ದರೆ ಈ ಶಾಲೆಯಿಂದ ರಾಷ್ಟ್ರಮಟ್ಟಕ್ಕೆ ಹತ್ತು ಮಕ್ಕಳಾದರೂ ಹೋಗುತ್ತಿದ್ದರು," ಎಂದರು. ಎಲ್ಲರೂ ತಲೆಯಾಡಿಸಿದರು. ವಿನಯ್ ಕುಮಾರನ ಸರದಿ ಬಂದಾಗ ಅವನು ಎದ್ದು, ನಿಂಗರಾಜ್ ಹುಟ್ಟಿದ ವರ್ಷ, ಕೆಲಸಕ್ಕೆ ಸೇರಿದ ವರ್ಷ ಹೇಳಿ ಕೂತ.

ಹಿಂದಿನ ಸಾಲಿನಲ್ಲಿ ಆಶಾ ಇದ್ದಳು. ಈಗ ಇಪ್ಪತ್ತಾರು. ನ್ಯಾಮತಿಯ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವ ಕೆಲಸ. ಸಭೆ ಮುಗಿದ ಮೇಲೆ ಅವಳೇ ಬಂದು, "ಅಣ್ಣ, ಕೋರ್ಟ್ ನೋಡಬೋದಾ?" ಎಂದಳು.

ಕೋರ್ಟ್ ಇದ್ದ ಜಾಗದಲ್ಲಿ ಮೇಷ್ಟ್ರುಗಳ ಬೈಕ್ ನಿಂತಿದ್ದವು. ಸುತ್ತ ಪಾರ್ಥೇನಿಯಂ ಗಿಡ.

"ಅಯ್ಯೋ. ಸರ್ ಯಾಕೆ ಹಿಂಗೆ ಬಿಟ್ರು?"

"ಮೊದಲು ನೀನು ಹೇಳವ್ವ. ನೀನ್ಯಾಕೆ ಬಿಟ್ಟೆ? ಸಿಮೆಂಟ್ ಕೋರ್ಟಿನಾಗೆ ಚೆಂಡು ಮೇಲೆ ಬರ್ತೈತೆ, ಆಡಾಕೆ ಆಗಲಿಲ್ಲ, ಅದಕ್ಕಾ?"

"ಅದಕ್ಕಾ?" ಅವಳಿಗೆ ನೆನಪು ಮಾಡಿಕೊಳ್ಳಲು ಒಂದು ಗಳಿಗೆ ಬೇಕಾಯಿತು. "ಮೊದಲು ಎರಡು ದಿನ ತೊಂದ್ರೆ ಆಯ್ತು. ಮೂರನೇ ದಿನದಿಂದ ಸರಿಹೋಯ್ತು. ತಗ್ಗು ಚೆಂಡು ಇವಳಂಗೆ ಎತ್ತೋರು ಇಲ್ಲಿ ಯಾರೂ ಇಲ್ಲ ಅಂತ ಅಲ್ಲಿನ ಕೋಚ್ ಮೇಡಂ ಎಲ್ಲರ ಮುಂದೆ ಹೇಳಿದ್ರು. ಹತ್ತನೇ ದಿನ ಒಂದು ಮ್ಯಾಚ್ ಗೆದ್ದೆ. ರೂಮಿಗೆ ಬಂದು ಕುಂತೆ. ಖುಷಿನೂ ಆಗಲಿಲ್ಲ, ಏನೂ ಆಗಲಿಲ್ಲ. ನಾಳೆ ಮತ್ತೆ ಆಡಬೇಕಲ್ಲ ಅನ್ನಿಸ್ತು. ಸಾಕಾಗಿತ್ತು ಅಣ್ಣ, ಅಷ್ಟೇ."

"ಅದನ್ನ ಅವನಿಗೆ ಹೇಳಬೋದಿತ್ತಲ್ಲ."

"ಹೇಳಿದ್ನಲ್ಲ! ರ್ಯಾಕೆಟ್ ಇಟ್ಟ ದಿನಾನೇ. ಸಾಕಾಯ್ತು ಸರ್ ಅಂದೆ. ಅದು ಕಾರಣ ಅಲ್ಲ, ನಿಜ ಹೇಳು ಅಂದ್ರು. ಬೇರೆ ಇದ್ರೆ ತಾನೆ ಹೇಳಾಕೆ? ನೀವ್ಯಾಕೆ ನೆಲದ್ದು ಕೇಳಿದ್ರಿ?"

"ಅವನು ಕೋರ್ಟ್ ಬಿಟ್ಟಿದ್ದು ಅದಕ್ಕೆ. ಆ ನೆಲದಿಂದ ನಿನ್ನ ಆಟ ಕೆಡ್ತು ಅಂತ ತಿಳ್ಕೊಂಡಿದ್ದ."

"ಯಾರು ಹೇಳಿದ್ರು ಅವರಿಗೆ?"

"ನಾನು."

ಆಶಾ ಅವನ ಮುಖ ನೋಡಿದಳು. ಸಿಟ್ಟು ಕಾಣಲಿಲ್ಲ. ಸಿಟ್ಟಿಗಾಗಿ ಅವನು ಕಾಯುತ್ತಿದ್ದ.

"ನಿಮ್ಮಪ್ಪನ ಜೊತೆ ಜಗಳಕ್ಕೆ ಹೊಂಟಿದ್ದ," ಎಂದ ವಿನಯ್ ಕುಮಾರ. "ತಡೀಬೇಕಿತ್ತು. ಬಾಯಿಗೆ ಅದು ಬಂತು."

"ಅಪ್ಪನ ಜೊತೆ ಯಾಕೆ ಜಗಳ? ಅಪ್ಪಂಗೂ ನಾನು ಬಿಟ್ಟಿದ್ದು ಇಷ್ಟ ಇರಲಿಲ್ಲ. ಒಂದು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದ." ಅವಳು ಬೈಕುಗಳ ಕಡೆ ತಿರುಗಿದಳು. "ತಡೀಬಾರದಿತ್ತು ಅಣ್ಣ. ಸರ್ ಬಂದಿದ್ರೆ ಇಬ್ರೂ ಜಗುಲಿ ಮ್ಯಾಲೆ ಕುಂತು ನನ್ನ ಬೈಕೊಂತಿದ್ರು."