ಬೂದಿಗುಡ್ಡೆಯ ಗೆಣಸು

ಮಗಳು ಚೊಚ್ಚಲ ಹೆರಿಗೆಗೆ ಬಂದು, ದೀಪಾವಳಿಯ ಹೊತ್ತಿಗೆ ನಮ್ಮ ಮನೆಯಲ್ಲಿ ಹೆಣ್ಣು ಕೂಸು ಅತ್ತಿತು. ನಾನು ಅಜ್ಜಿಯಾದೆ. ಹಿಟ್ಟಿನ ಗಿರಣಿಯವರ ಮನೆಯಲ್ಲಿ ಊರಿಗೊಂದೇ ಫೋನಿತ್ತು. ಅಲ್ಲಿಗೆ ಓಡಿ ದೇವಣಗಾಂವದ ಬೀಗರಿಗೆ ಸುದ್ದಿ ಮುಟ್ಟಿಸಿದೆ. ಫೋನ್ ಇಟ್ಟ ಮೇಲೆ ಜೋಳ ಬೀಸಿಸಲು ನಿಂತವರಿಗೆಲ್ಲ ಹೇಳಿದೆ. ಯಾರೂ ಕೇಳಿರಲಿಲ್ಲ, ಆದರೂ ಹೇಳಿದೆ.

ತೊಟ್ಟಿಲಿಗೆ ಹಾಕುವ ದಿನ ಬೀಗತಿ, ಅಂದರೆ ಮಗಳ ಅತ್ತೆ, ಬಂದರು. ಶಿವರಾತ್ರಿ ಉಪವಾಸಕ್ಕೆಂದು ನಾನು ಹಿತ್ತಲಲ್ಲಿ ಆಗ ತಾನೇ ಊರಿದ್ದ ಗೆಣಸಿನ ಬಳ್ಳಿ ಅವರ ಕಣ್ಣಿಗೆ ಬಿತ್ತು. ಅವರದು ಭೀಮಾ ದಂಡೆಯ ಮರಳು ಮಣ್ಣು, ಗೆಣಸು ತಂಬಿಗೆಯಷ್ಟು ದಪ್ಪ ಬರುತ್ತದೆ. ನಮ್ಮದು ಇಂಡಿ ಕಡೆಯ ಕರಿ ಎರೆ. ಒದ್ದೆಯಾದರೆ ಅಂಟು, ಒಣಗಿದರೆ ಕಲ್ಲು.

“ಎರಿ ಮಣ್ಣಾಗ ಗೆಣಸೆಲ್ಲಿ ಬರ್ತಾವ್ರಿ ಅಕ್ಕಾರ, ಇಲಿ ಬಾಲ ಬರ್ತಾವ,” ಎಂದರು.

ಬಂದರೆ ಏನು ಕೊಡುತ್ತೀರಿ ಎಂದು ಕೇಳಿಬಿಟ್ಟೆ. ಶಿವರಾತ್ರಿ ಮುಗಿದ ಮರುದಿನವೇ ಬಾಣಂತಿಯನ್ನೂ ಕೂಸನ್ನೂ ಕರೆದೊಯ್ಯುವ ವಿಚಾರ ಅವರದು.

“ಕೂಸಿನ ತಲಿಯಷ್ಟು ದಪ್ಪಂದು ಒಂದರ ಬರ್ಲಿ, ಯುಗಾದಿತನಾ ಕೂಸು ನಿಮ್ಮ ಹಂತೇಕ ಇರ್ಲಿ.”

ಹೆಣ್ಣುಮಕ್ಕಳೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಮೊಮ್ಮಗಳು ಇನ್ನೊಂದು ತಿಂಗಳು ಮಡಿಲಲ್ಲಿರುವುದೆಂದರೆ ಸಣ್ಣ ಮಾತೇ?

ಪಂದ್ಯದ ಸುದ್ದಿ ಕೇಳಿದ್ದೇ ನಮ್ಮ ಯಜಮಾನರು ಕಬ್ಬಿಗೆ ಹಾಕುವಂತೆ ಗೊಬ್ಬರ ಸುರಿದರು, ದಿನಾ ನೀರು ಬಿಟ್ಟರು. ಬಳ್ಳಿ ಗೋಡೆ ಹತ್ತಿತು. ಎಲೆ ಕೊಬ್ಬಿದರೆ ಬೇರು ಬಡವಾಗುತ್ತದೆ, ಬಳ್ಳಿಯನ್ನು ಆಗಾಗ ಎತ್ತಿ ತಿರುವಿ ಹಾಕಬೇಕು, ಇಲ್ಲದಿದ್ದರೆ ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಒಂದೂ ದಪ್ಪಾಗುವುದಿಲ್ಲ ಎಂದು ಹೇಳಿ ಹೇಳಿ ನನ್ನ ಬಾಯಿ ನೋಯಿತು. ಅಷ್ಟು ಹಸಿರನ್ನು ಕದಲಿಸಲು ಅವರ ಜೀವ ಒಪ್ಪಲಿಲ್ಲ. ಓಣಿಯವರನ್ನು ಕರೆದು ತೋರಿಸುವುದೇ ಕೆಲಸವಾಯಿತು. ನನಗೋ ಬಾಣಂತಿಗೂ ಕೂಸಿಗೂ ನೀರು ಕಾಸಿ ಎರೆಯುವುದರಲ್ಲೇ ಹೊತ್ತು ಹೋಗುತ್ತಿತ್ತು. ಹಂಡೆ ಒಲೆಯ ಬೂದಿ ಬಳಿದು ಬಚ್ಚಲ ಹಿಂದಿನ ಮೂಲೆಗೆ ಚೆಲ್ಲುತ್ತಿದ್ದೆ. ಗೆಣಸು ಊರಿದ ದಿನ ಉಳಿದ ಬಳ್ಳಿ ತುಂಡುಗಳನ್ನು ಅದೇ ಮೂಲೆಯಲ್ಲಿ ಚುಚ್ಚಿದ್ದು ಮರೆತೇ ಹೋಗಿತ್ತು.

ಶಿವರಾತ್ರಿಯ ಮುನ್ನಾದಿನ ಬೀಗತಿ ಬಸ್ಸಿಳಿದು ಬಂದರು. ಯಜಮಾನರು ಅಗೆದರು. ಇಲಿ ಬಾಲ. ಮುಂದಿನ ಸಾಲಿನಲ್ಲೂ ಇಲಿ ಬಾಲ. ಬೀಗತಿ ಒಂದನ್ನು ಬೆಳಕಿಗೆ ಹಿಡಿದು, “ಇದನ್ನ ಕುದಸೂದೋ, ಸೂಜಿಗೆ ಪೋಣಸೂದೋ?” ಎಂದರು. ಯಜಮಾನರು ಎಮ್ಮೆಗಂತೂ ಒಳ್ಳೆ ಮೇವಾಯಿತು ಎಂದು ಗೊಣಗಿದರು. ನಾನು ಒಳಗೆ ಹೋಗಿ, ಊರಿಗೆ ಕಳಿಸಲು ಕೂಸಿನ ಕುಂಚಿಗೆ, ಬಟ್ಟೆ ಮಡಚತೊಡಗಿದೆ.

ಬಚ್ಚಲ ಹಿಂದೆ ಒಣಹಾಕಿದ ಬಟ್ಟೆ ತರಲು ಹೋದ ಮಗಳು ಅಲ್ಲಿಂದಲೇ ಕೂಗಿದಳು: “ಅವ್ವಾ, ಇಲ್ಲಿ ಬಾ. ಬೂದ್ಯಾಗ ನೆಲ ಉಬ್ಬೇತಿ.”

ಎರೆ ಬಿರಿಯುವುದು ಹೊಸದಲ್ಲ; ಆದರೆ ಈ ಬಿರುಕಿಗೆ ಹೊಟ್ಟೆ ಬಂದಿತ್ತು. ಗಾಯವಾದರೆ ಗೆಣಸು ಕೊಳೆಯುತ್ತದೆಂದು ಕುರ್ಪಿಯಿಂದ ದೂರದಿಂದಲೇ ಕೆದರುತ್ತ ಬಂದೆ. ಬೂದಿ ಬೆರೆತ ಮಣ್ಣು ಹಿಟ್ಟಿನಂತೆ ಸಡಿಲವಾಗಿತ್ತು. ಕೆಂಪಗೆ, ದುಂಡಗೆ, ಒಬ್ಬ ಗೌಡನಂತೆ ಅದು ಹೊರಬಂತು. ಅದರ ಬೆನ್ನಿಗೆ ಸಣ್ಣವೂ ಬಂದವು.

ಬೀಗತಿ ಸುಲಭಕ್ಕೆ ಸೋಲೊಪ್ಪುವವರಲ್ಲ. ಕೂಸನ್ನು ತರಿಸಿ, ಗೆಣಸನ್ನು ಅದರ ತಲೆಯ ಪಕ್ಕ ಹಿಡಿದು ಅಳೆದರು. ಕಡಿಮೆಯೇನೂ ಇರಲಿಲ್ಲ. ಕೂಸು ಎರಡೂ ಕೈಯಿಂದ ಗೆಣಸನ್ನು ಬಾಚಿಕೊಂಡು ನೆಕ್ಕಿತು.

“ಇಕೀನೂ ನಿಮ್ಮ ಕಡೀನ ಆದ್ಳಲ್ರಿ,” ಎಂದು ಬೀಗತಿ ನಕ್ಕುಬಿಟ್ಟರು.

ಉಪವಾಸಕ್ಕೆ ಸಣ್ಣವನ್ನು ಕುದಿಸಿದೆವು. ದೊಡ್ಡದನ್ನು ಮಾತ್ರ ತೊಳೆಯದೆ, ನೆರಳಿನಲ್ಲಿ ಆರಿಸಿ, ಗಡಿಗೆಯ ಒಣ ಮರಳಿನಲ್ಲಿ ಹುಗಿದಿಟ್ಟೆ. ಇಟ್ಟಷ್ಟೂ ಸಿಹಿ ಏರುತ್ತದೆ. ಆ ತಿಂಗಳೆಲ್ಲ ಒಂದು ಕಣ್ಣು ಗಡಿಗೆಯ ಮೇಲೆ, ಒಂದು ಕಣ್ಣು ತೊಟ್ಟಿಲ ಮೇಲೆ. ಯುಗಾದಿಗೆ ಅದರದೇ ಹೂರಣದಿಂದ ಹೋಳಿಗೆ ಮಾಡಿ ಬುತ್ತಿ ಕಟ್ಟಿದೆ.

ಕರೆದೊಯ್ಯಲು ಬಂದ ಬೀಗತಿ ಹೊರಡುವಾಗ ಒಂದು ಚೀಲ ಬೂದಿಯನ್ನೂ ಕೇಳಿದರು.

“ಬೂದಿ ಯಾಕ್ರಿ ಅಕ್ಕಾರ,” ಎಂದು ಕೂಸನ್ನು ಅವರ ಮಡಿಲಿಗೆ ಹಾಕಿದೆ. “ಇಕೀಗಿ ದಿನಾ ನೀರು ಕಾಸಿ ಎರೀರಿ. ಬೂದಿ ತಾನ ಆಗ್ತೈತಿ.”