ಬೆಳವನ ಗೂಡೂ ಒಂದು ಉಡದಾರವೂ

ಬೆಳಗಿನ ಚಹಾಕ್ಕೆ ಹಾಲು ಇಡುವ ಹೊತ್ತಿಗೆ ಅಡುಗೆಮನೆಯ ಕಿಟಕಿಯಾಚೆ ಬೆಳವನ ಹಕ್ಕಿ ಕೂಗುತ್ತದೆ. ಕೂಗಿದ ಕೂಡಲೇ ನನ್ನ ಬಲಗೈ ತಾನಾಗಿ ಮುಷ್ಟಿ ಕಟ್ಟುತ್ತದೆ. ನೀವು ಎದುರಿಗಿದ್ದರೆ, ಈಕೆಗೆ ಯಾರ ಮೇಲೋ ಸಿಟ್ಟು ಎಂದುಕೊಂಡೀರಿ. ಸಿಟ್ಟಲ್ಲ. ಹೋದ ತಿಂಗಳಿನಿಂದ ಈ ಕೈ ಇನ್ನೂ ನಮ್ಮವರನ್ನು ಬಿಟ್ಟಿಲ್ಲ, ಅಷ್ಟೇ.

ಈ ಕೊಲ್ಲಿ ದೇಶದ ಬ್ನೇದ್ ಅಲ್ ಗಾರ್‌ನಲ್ಲಿ ನಮ್ಮದು ಐದನೇ ಮಹಡಿ. ಕಿಟಕಿಯ ಹೊರಗೆ, ಬಾಗಿದರೆ ಕೈಗೆಟುಕೀತು ಎನ್ನುವಷ್ಟು ಕೆಳಗೆ, ಎ.ಸಿ.ಯ ಯಂತ್ರ. ಬೆಳವ ಅದರ ಮೇಲೆ ನಾಲ್ಕು ಕಡ್ಡಿ ಒಟ್ಟಿ, ಅದನ್ನೇ ಗೂಡೆಂದು ನಂಬಿ ಮೊಟ್ಟೆ ಇಟ್ಟಿತ್ತು. ಇಷ್ಟು ಉದಾಸೀನದಿಂದ ಮನೆ ಕಟ್ಟುವ ಹಕ್ಕಿಯನ್ನು ನಾನು ಕಂಡಿಲ್ಲ. ನಮ್ಮ ಬಾಡಿಗೆ ಮನೆಯ ಪರದೆಗಳನ್ನು ನೋಡಿದವರು, ಹಾಗೆನ್ನುವ ಹಕ್ಕು ನನಗೂ ಇಲ್ಲ ಎಂದಾರು. ಸಂಭ್ರಮದಿಂದ ವಿಡಿಯೊ ಕಾಲ್‌ನಲ್ಲಿ ಗದಗಿನ ಅತ್ತೆಗೆ ತೋರಿಸಿದೆ.

“ಬೆಳವ ಮನೀಗೆ ಗೂಡು ಕಟ್ಟಬಾರದವ್ವಾ, ಮನೆತನ ಹಾಳಾಗ್ತೈತಿ. ಮೊದಲ ತಗಸು.”

ನಮ್ಮವರು ಸಬ್ಹಾನಿನ ಕಾರ್ಖಾನೆಯೊಂದರಲ್ಲಿ ಸೇಫ್ಟಿ ಆಫೀಸರು. ಸೊಂಟಕ್ಕೆ ಬೆಲ್ಟು ಕಟ್ಟದೆ ಎತ್ತರ ಹತ್ತಿದವರನ್ನು ಬೈಯುವುದಕ್ಕೇ ಅವರಿಗೆ ಸಂಬಳ. ಅಂಥವರು ಅವ್ವನ ಮಾತು ಮೀರಲಾರದೆ, ಗೂಡನ್ನು ತಾರಸಿಗೆ ಸಾಗಿಸುತ್ತೇನೆಂದು ಚಪ್ಪಲಿಯ ಖಾಲಿ ಪೆಟ್ಟಿಗೆ ಹಿಡಿದು, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತು ಕಿಟಕಿಯಾಚೆ ಬಾಗಿದರು. ಬೆಳವ ಪಟಪಟನೆ ಮುಖಕ್ಕೇ ಹಾರಿತು. ಸ್ಟೂಲು ಜಾರಿತು.

ಪೆಟ್ಟಿಗೆ ಕೆಳಗೆ ಹೋಗುವುದನ್ನು ನೋಡಿದೆ. ಹೋಗುತ್ತಲೇ ಇತ್ತು ಅದು. ನನ್ನ ಕೈಗೆ ಸಿಕ್ಕಿದ್ದು ಪೈಜಾಮದ ಅಂಚು, ಅದರೊಟ್ಟಿಗೆ ಉಡದಾರ. ಅತ್ತೆ ಪ್ರತಿ ರಜೆಯಲ್ಲಿ ಮಗನ ಸೊಂಟಕ್ಕೆ ಹೊಸದಾಗಿ ಕಟ್ಟುವ ಆ ದಪ್ಪ ಕರಿ ದಾರವನ್ನು ಕಂಡು, “ಎಂಜಿನಿಯರಿಗೆ ಇದ್ಯಾಕ್ರಿ?” ಎಂದು ಮದುವೆಯಾದಾಗಿನಿಂದ ನಗುತ್ತ ಬಂದವಳು ನಾನು.

“ಬಿಡಬ್ಯಾಡ ಲೇ!”

“ಬಿಡೂದಿಲ್ರಿ, ಒಳಗ ಬರ್ರಿ! ಯಲ್ಲಾ, ಜಲ್ದಿ!”

ಗೋಡೆಗೆ ಕಾಲು ಒತ್ತಿ ಎಳೆದೆ. ಇಬ್ಬರೂ ನೆಲಕ್ಕೆ ಬಿದ್ದೆವು, ಅಡುಗೆಮನೆಯ ನೆಲಕ್ಕೆ. ಸದ್ದು ಕೇಳಿ ಓಡಿಬಂದ ಮಗಳು ಅಪ್ಪನನ್ನು ನೋಡಿ, “ಅಪ್ಪಾ, ವೇರ್ ಈಸ್ ಯುವರ್ ಹೆಲ್ಮೆಟ್?” ಎಂದಳು. ನಗಲು ಹೋಗಿ ಇಬ್ಬರಿಗೂ ಅಳು ಬಂತು.

ಅತ್ತೆಯಿಂದ ಮುಚ್ಚಿಡಲಾಗಲಿಲ್ಲ. ಫೋನಿನಲ್ಲಿ ಎಲ್ಲ ಹೇಳಿದೆ.

“ಉಡದಾರ ಹರೀತೇನವ್ವಾ?”

“ಇಲ್ರಿ ಅತ್ತಿ.”

“ಗೂಡು?”

“ಹಂಗ ಐತ್ರಿ.”

“ಇರಲಿ ಬಿಡು. ನನ್ನ ಒಂದು ಮಾತಿಗೆ ಮಗನ್ನ ಕಳಕೊಳ್ತಿದ್ದೆ. ಅದರ ಮಕ್ಕಳೂ ಅಲ್ಲೇ ಇರಲಿ.”

ಈಗ ಗೂಡಿನಲ್ಲಿ ಮರಿಗಳಿವೆ. ಇವತ್ತೂ ಬೆಳವ ಕೂಗಿತು, ಕೈ ಬಿಗಿಯಿತು. ಹಿಂದಿನಿಂದ ನಮ್ಮವರು, “ಚಹಾ ಆತೇನ?” ಎಂದರು. ಎಷ್ಟು ಸಾದಾ ಮಾತು! ಊರಿಂದ ತಂದ ಜೋಳದ ಡಬ್ಬಿಗೆ ಕೈ ಹಾಕಿ ಒಂದು ಹಿಡಿ ತುಂಬಿಕೊಂಡೆ. ಕಿಟಕಿಯ ಕಟ್ಟೆಯ ಮೇಲೆ ಕೈಯಿಟ್ಟು, ಹೊರಗೆ ಬಾಗದೆ, ಒಂದೊಂದೇ ಬೆರಳು ಬಿಚ್ಚಿದೆ.