ಮಗಳು ಕನ್ನಡ ಬಿಟ್ಟ ವರ್ಷ

ಬ್ಯಾಂಕಿನವರು ನನ್ನನ್ನು ಕೊಚ್ಚಿಗೆ ವರ್ಗ ಮಾಡಿದ್ದು ಎರಡು ಸಾವಿರದ ಇಸವಿಯ ಆಚೀಚೆ. ಗಂಡ ಕೆಲಸಕ್ಕೆಂದು ಧಾರವಾಡದಲ್ಲೇ ಉಳಿದರು. ಕೊಚ್ಚಿಯ ವೈಟ್ಟಿಲ ಬಡಾವಣೆಯ ಬಾಡಿಗೆ ಮನೆಯಲ್ಲಿ ನಾನು, ಪುಟ್ಟ ಮಗಳು. ಹಗಲೆಲ್ಲ ಇಂಗ್ಲಿಷು, ತರಕಾರಿಯವನ ಹತ್ತಿರ ಹರಕುಮುರುಕು ಮಲಯಾಳಂ, ಸಂಜೆ ಬಾಗಿಲು ಹಾಕಿಕೊಂಡ ಮೇಲೆ ಕನ್ನಡ. ಆ ಊರಲ್ಲಿ ನನ್ನ ಜತೆ ಕನ್ನಡ ಆಡುವ ಜೀವ ಅದೊಂದೇ. ಅದೂ ತುಟಿ, ಅಂಗುಳ ಎರಡೂ ಸೀಳಿಕೊಂಡು ಹುಟ್ಟಿದ ಕೂಸು.

ತುಟಿ ಹೊಲಿದದ್ದು ಊರಲ್ಲಿ. ಅಂಗುಳದ ಆಪರೇಷನ್ ತಡವಾಗಿ ಕೊಚ್ಚಿಯಲ್ಲಿ ಆಯಿತು. ಮಾತು ತಿದ್ದುವ ಟೀಚರಿಗೆ ಕನ್ನಡ ಬಾರದು, ಮಲಯಾಳಂನಲ್ಲೇ ಕಲಿಸಿದರು. ಕನ್ನಡದ ಪಾಲು ನನಗೆ ಬಂತು. ಉಸಿರು ಮೂಗಿಗೆ ಏರಿ ‘ಬಾಗಿಲು’ ‘ಮಾಙಿಲು’ ಆದಾಗೆಲ್ಲ “ಇನ್ನೊಮ್ಮೆ ಅನ್ನವಾ, ತುಟಿ ಕೂಡಿಸಿ ಅನ್ನು” ಎನ್ನುತ್ತಿದ್ದೆ. ಊಟ ಬಡಿಸುವಾಗಲೂ, ತಲೆ ಬಾಚುವಾಗಲೂ ಇದೇ. ತಾಯಿ ಅಂದರೆ ಹೀಗಿರಬೇಕು ಎಂದು ಟೀಚರ್ ಬೇರೆಯವರಿಗೆ ನನ್ನನ್ನು ತೋರಿಸಿದ್ದರು. ನಾನೂ ಉಬ್ಬಿಹೋಗಿದ್ದೆ.

ಎರಡನೇ ಕ್ಲಾಸಿಗೆ ಬರುವ ಹೊತ್ತಿಗೆ ಮಗಳು ಮಲಯಾಳಂ ಅನ್ನು ಅರಳು ಹುರಿದಂತೆ ಆಡತೊಡಗಿದಳು. ಅದೇ ವರ್ಷ ಅವಳ ಕನ್ನಡ ನಿಂತಿತು. ಏನು ಕೇಳಿದರೂ ತಲೆಯಾಡಿಸುವಳು, ಹೆಚ್ಚೆಂದರೆ ಬೇಡ ಎನ್ನಲು “ವೇಣ್ಡ” ಎನ್ನುವಳು. ಬೈದೆ, ಮುದ್ದು ಮಾಡಿದೆ, ಜಿಲೇಬಿಯ ಆಸೆ ತೋರಿಸಿದೆ. ಉಹೂಂ. ಶಾಲೆಯಲ್ಲಿ ಯಾರೋ ನಕ್ಕಿರಬೇಕು, ಇಲ್ಲವೇ ನಾನೆಂದರೆ ನಾಚಿಕೆಯಿರಬೇಕು ಎಂದುಕೊಂಡೆ. ಸಂಜೆ ಕುಕ್ಕರಿನ ಜತೆ ಮಾತಾಡುವ ಗತಿ ಬಂತು. ಒಂದೇ ಹಾಸಿಗೆಯಲ್ಲಿ ಮಲಗುವ ಮಗು ಮಾತು ಬಿಟ್ಟ ಸಂಕಟವನ್ನು ಗಂಡನಿಗೆ ಫೋನಿನಲ್ಲಿ ಹೇಳಲು ಹೋಗಿ ಅತ್ತುಬಿಟ್ಟೆ.

ತಿರುವನಂತಪುರದಲ್ಲಿ ಒಬ್ಬ ಮನಶ್ಶಾಸ್ತ್ರಜ್ಞೆ ಇಂಥ ಮಕ್ಕಳ ಮನಸ್ಸು ಹೇಗೆ ಬೆಳೆಯುತ್ತದೆ ಎಂದು ಸಂಶೋಧನೆ ಮಾಡುತ್ತಿದ್ದರು. ಸೀಳುತುಟಿಯವರು, ದವಡೆ ಕುಗ್ಗಿದವರು, ತಲೆಬುರುಡೆ ಸೊಟ್ಟಗೆ ಬೆಳೆದವರು, ಎಲ್ಲರನ್ನೂ ವರ್ಷಕ್ಕೊಮ್ಮೆ ಕರೆಸುತ್ತಿದ್ದರು. ಅವರದೊಂದು ಪದ್ಧತಿ: ತಾಯಂದಿರು ಹೊರಗೆ ಕೂರಬೇಕು. ಮಗು ಹೇಳಿದ್ದನ್ನು ಮಗುವಿನ ಒಪ್ಪಿಗೆಯಿಲ್ಲದೆ ಯಾರಿಗೂ ಹೇಳರು. ಹೆತ್ತವಳಿಗೂ ಗುಟ್ಟೇ ಎಂದು ನನಗೆ ಮೊದಲಿಂದಲೂ ಅಸಮಾಧಾನ.

ಆ ಸಲ ಬೆಳಗಿನ ರೈಲಿಗೆ ಹೋದೆವು. ಅವರ ಕೋಣೆಯ ಹೊರಗಿನ ಬೆಂಚಿನ ಮೇಲೆ ಪಕ್ಕದ ತಾಯಿ ಮಲಯಾಳಂನಲ್ಲಿ ಏನೋ ಕೇಳಿದಳು. ತಿಳಿಯದೆ ಸುಮ್ಮನೆ ನಕ್ಕೆ. ಅವಳೂ ನಕ್ಕು ಆಚೆ ತಿರುಗಿದಳು. ಒಳಗಿನಿಂದ ನನ್ನ ಮಗಳ ಮಾತು, ನಗು ಕೇಳುತ್ತಲೇ ಇತ್ತು. ನನ್ನ ಮನೆಯಲ್ಲಿ ಕೇಳದ ನಗು.

ಒಳಗೆ ಕರೆದಾಗ ನೇರವಾಗಿ ಕೇಳಿದೆ: “ಮೇಡಂ, ಇವಳು ನನ್ನ ಜತೆ ಕನ್ನಡ ಯಾಕೆ ಬಿಟ್ಟಳು?”

ಅವರು ಮಗಳ ಕಡೆ ತಿರುಗಿ, ಅಮ್ಮನಿಗೆ ಹೇಳಲೇ ಎಂದು ಮಲಯಾಳಂನಲ್ಲಿ ಕೇಳಿದರು. ಮಗಳು ಫ್ರಾಕಿನ ಅಂಚು ತಿರುಚುತ್ತ ನಿಂತಳು. ಬೇಡ ಎಂದುಬಿಟ್ಟರೆ ಏನು ಗತಿ ಎಂದುಕೊಂಡೆ. ಕೊನೆಗೆ ಹೂಂ ಎಂದು, ತಾನು ಮಾತ್ರ ಹೊರಗೆ ಹೋದಳು.

“‘ಮಲಯಾಳಂ ಮಾತಾಡಿದರೆ ಅಮ್ಮ ನನ್ನ ಕಣ್ಣು ನೋಡುತ್ತಾಳೆ, ಕನ್ನಡ ಮಾತಾಡಿದರೆ ಬಾಯಿ ನೋಡುತ್ತಾಳೆ.’ ಇಷ್ಟೇ ಅವಳು ಹೇಳಿದ್ದು” ಎಂದರು, ಇಂಗ್ಲಿಷಿನಲ್ಲಿ, ನಿಧಾನವಾಗಿ.

ನನಗೆ ಸಿಟ್ಟು ಬಂತು. ಬಾಯಿ ನೋಡಿದ್ದಕ್ಕೇ ಅಲ್ಲವೇ ಮಾತು ಬಂದದ್ದು? “ಹಾಗಾದರೆ ನಾನೇನು ಮಾಡಬೇಕು?” ಎಂದೆ.

“ಗೊತ್ತಿಲ್ಲ. ನಾನೂ ಅದನ್ನೇ ಹುಡುಕುತ್ತಿದ್ದೇನೆ” ಎಂದರು. ಅವರ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು, ನೋವು ಇಳಿಯಲಿಲ್ಲ.

ವಾಪಸು ರೈಲಿನಲ್ಲಿ ಕೊಲ್ಲಂ ದಾಟಿದ ಮೇಲೆ “ಹಸಿವಿ ಆಗೇದೇನವಾ?” ಎಂದೆ. ಉತ್ತರ ಬರುವ ಮೊದಲೇ ನನ್ನ ಕಣ್ಣು ಅವಳ ತುಟಿಯ ಮೇಲೆ ಹೋಗಿ ಕೂತಿತ್ತು. ಅದನ್ನು ಅವಳೂ ಕಂಡಳು, ಕಿಟಕಿಯ ಕಡೆ ತಿರುಗಿದಳು. ಎಷ್ಟು ವರ್ಷದ ಅಭ್ಯಾಸ, ಒಂದು ದಿನಕ್ಕೆ ಹೋದೀತೇ.

ಸ್ವಲ್ಪ ಹೊತ್ತು ಬಿಟ್ಟು, ಇವತ್ತು ಒಳಗೆ ಏನು ಆಡಿದೆ ಎಂದು ನನ್ನ ಹರಕು ಮಲಯಾಳಂನಲ್ಲೇ ಕೇಳಿದೆ. ಅವಳು ತಿರುಗಿದಳು. ಮೊದಲು ಒಂದೊಂದೇ ಮಾತು, ಆಮೇಲೆ ತಡೆಯೇ ಇಲ್ಲ. ಬಣ್ಣದ ಕಟ್ಟಿಗೆ ತುಂಡುಗಳು, ಶಾಲೆಯ ಯಾರೋ ಗೆಳತಿ, ಒಂದು ಜಗಳ. ನಾನು ಅವಳ ಕಣ್ಣನ್ನೇ ನೋಡುತ್ತಿದ್ದೆ. ನಡುವೆ ನಿಲ್ಲಿಸಿ “ಮನಸ್ಸಿಲಾಯೋ, ಅಮ್ಮಾ?” ಎಂದು ಕೇಳಿದಳು, ತಿಳಿಯಿತೇ ಎಂದು.

ಅರ್ಧಕ್ಕರ್ಧ ತಿಳಿದಿರಲಿಲ್ಲ. ಹೂಂ ಎಂದೆ. ಅವಳು ನಂಬಿ ಮುಂದುವರಿಸಿದಳು.